ಎರಡನೇ ಟ್ರೊಂಬೋನ್

ಮಾರ್ಚ್ ೯

ಅಕ್ಕನಿಗೆ,

ನನ್ನ ದನಿ ಕೇಳಿದ ತಕ್ಷಣ ನೀನು ಫೋನ್ ಇಟ್ಟುಬಿಡುತ್ತೀಯ. ಹೆಂಡತಿಯ ಫೋನಿನಿಂದ ಮಾಡಿಸಿದರೆ, ನಾನು ಪಕ್ಕದಲ್ಲಿ ಕೆಮ್ಮಿದ್ದು ಕೇಳಿಸಿತೆಂದು ಇಟ್ಟೆ. ಊರಿನವರ ಬೀಗಗಳನ್ನೆಲ್ಲ ತೆಗೆದುಕೊಡುವವನಿಗೆ ಒಡಹುಟ್ಟಿದವಳ ಬಾಯಿ ತೆಗೆಸಲು ಆಗುತ್ತಿಲ್ಲ ಎಂದು ಅಂಗಡಿಯಲ್ಲಿ ಜನ ನಗುತ್ತಾರೆ. ಅದಕ್ಕೇ ಈ ಕಾಗದ.

ವಿಷಯ ಇಷ್ಟೇ. ಆಗಸ್ಟ್‌ಗೆ ನಿನ್ನ ಮಗ ತೀರಿಕೊಂಡು ವರ್ಷ ತುಂಬುತ್ತದೆ. ಆ ತಿಂಗಳ ಎರಡನೇ ಭಾನುವಾರ ಸಂಜೆ ಗಡಿಯಾರದ ಚೌಕದಲ್ಲಿ ನಮ್ಮ ಬ್ಯಾಂಡು ಅವನಿಗೆ ಗೌರವ ಸಲ್ಲಿಸಬೇಕೆಂದು ಊರ ಸಮಿತಿ ತೀರ್ಮಾನ ಮಾಡಿದೆ. ಅವನ ಹೆಸರಿನಲ್ಲಿ ನಾನೇ ಸೈನಿಕರು ಹೆಜ್ಜೆ ಹಾಕುವಂಥ ಒಂದು ಹೊಸ ನಡಿಗೆ ಸಂಗೀತ ಕಟ್ಟುತ್ತಿದ್ದೇನೆ. ಟ್ರಂಪೆಟ್‌ಗಳೆಲ್ಲ ಒಟ್ಟಿಗೆ ಏಳುವ ಒಂದು ಜಾಗವಿದೆ, ಕೇಳಿದವರ ಮೈ ಜುಮ್ಮೆನ್ನಬೇಕು. ಸಮಿತಿಯ ಅಧ್ಯಕ್ಷರು, ಅದೇ ಸಾಮಿಲ್ ಯಜಮಾನರು, ಭಾಷಣ ಮಾಡುತ್ತಾರೆ. ಮುಂದಿನ ಸಾಲಿನ ನಡುವಿನ ಕುರ್ಚಿ ನಿನ್ನದು. ಸೈನ್ಯದ ಯೂನಿಫಾರ್ಮಿನಲ್ಲಿರುವ ಅವನ ಫೋಟೋ ನಿನ್ನ ಹತ್ತಿರ ಮಾತ್ರ ಇದೆ. ಅದನ್ನು ಕಳಿಸು, ದೊಡ್ಡದು ಮಾಡಿಸಬೇಕು.

ಕರಪತ್ರದ ಕರಡನ್ನು ಜೊತೆಗಿಟ್ಟಿದ್ದೇನೆ. ಬರುವುದಿಲ್ಲ ಎಂದು ಮಾತ್ರ ಹೇಳಬೇಡ. ಅವನು ಬ್ಯಾಂಡಿನಲ್ಲಿದ್ದಷ್ಟು ವರ್ಷವೂ ಒಂದು ಸಂಜೆಯಾದರೂ ನೀನು ಬಸ್ಸು ಹತ್ತಿ ನಮ್ಮನ್ನು ಕೇಳಲು ಬರಲಿಲ್ಲ. ಇದೊಂದಕ್ಕಾದರೂ ಬಾ.

ನಿನ್ನ ತಮ್ಮ


ಮಾರ್ಚ್ ೨೧

ಬೀಗ ರಿಪೇರಿಯವನಿಗೆ,

ಬರುವುದಿಲ್ಲ. ಫೋಟೋ ಕೊಡುವುದಿಲ್ಲ.

ನಿನ್ನ ಕರಪತ್ರವನ್ನು ಓದಿದೆ. ಆಸ್ಪತ್ರೆಯ ಇಸ್ತ್ರಿ ಮೇಜಿನ ಮೇಲಿಟ್ಟುಕೊಂಡು, ಹಬೆ ಆರುವವರೆಗೂ ಓದಿದೆ. ‘ಶತ್ರುವಿನ ಗುಂಡಿಗೆ ಎದೆಯೊಡ್ಡಿ ಊರಿನ ಕೀರ್ತಿ ಬೆಳಗಿದ ವೀರಪುತ್ರ’ ಎಂದು ಬರೆದಿದ್ದೀರಿ. ಯಾವ ಶತ್ರು? ಯಾವ ಗುಂಡು? ಸೈನ್ಯದ ಅಧಿಕಾರಿ ಮನೆಗೆ ಬಂದು ಹೇಳಿದಾಗ ನೀನೂ ಅದೇ ಕೋಣೆಯಲ್ಲಿದ್ದೆ. ಕೈಯಲ್ಲಿ ಚಹಾ ಲೋಟ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತಿದ್ದೆ. ಅವನು ನೀರಿನ ಲಾರಿ ಓಡಿಸುತ್ತಿದ್ದ. ಗುಡ್ಡದ ಮೇಲಿನ ಕಾವಲು ಠಾಣೆಗೆ ದಿನಾ ಕುಡಿಯುವ ನೀರು ಒಯ್ಯುತ್ತಿದ್ದ. ರಸ್ತೆಯ ಅಂಚು ಕುಸಿಯಿತು, ಲಾರಿ ಕಣಿವೆಗೆ ಹೋಯಿತು. ಅಷ್ಟೇ. ನೀನು ಕಿವುಡನಲ್ಲ. ಬ್ಯಾಂಡಿನವರು ಕಿವುಡರಾದರೆ ಹೊಟ್ಟೆ ತುಂಬುವುದಿಲ್ಲ.

ಬಾಯಾರಿದವರಿಗೆ ನೀರು ಒಯ್ಯುತ್ತಿದ್ದವನು ಎಂದರೆ ನಿಮ್ಮ ಊರಿನ ಕೀರ್ತಿಗೆ ಕಡಿಮೆಯಾಗುತ್ತದೆಯೇ?

ಅವನು ಬದುಕಿದ್ದಾಗ ಹಿಂದಿನ ಸಾಲಿನಲ್ಲಿ, ಗೋಡೆಗೆ ಒತ್ತಿ ಕೂರಿಸಿದಿರಿ. ಎರಡನೇ ಟ್ರೊಂಬೋನ್. ಆ ಉದ್ದನೆಯ ಹಿತ್ತಾಳೆ ಕೊಳವೆಯನ್ನು ಒಂದು ಸಲವೂ ಅವನೊಬ್ಬನಿಗೇ ಊದಲು ಬಿಡಲಿಲ್ಲ. ತಾಳಕ್ಕೆ ಒಂದು ಕ್ಷಣ ತಡವಾಗಿ ಬರುತ್ತಾನೆಂದು ‘ಲೇಟು’ ಎಂದು ಹೆಸರಿಟ್ಟು ಕರೆದಿರಿ. ಈಗ ಕರಪತ್ರದಲ್ಲಿ ಅವನ ಹೆಸರಿನ ಮುಂದೆಯೂ ಲೇಟ್ ಎಂದೇ ಹಾಕಿದ್ದೀರಿ. ನಿಮಗೆ ಹೊಸ ಪದ ಹುಡುಕುವ ಕಷ್ಟವೂ ಬರಲಿಲ್ಲ.

ಅವನ ತಾಯಿ


ಏಪ್ರಿಲ್ ೧೪

ಅಕ್ಕನಿಗೆ,

ನಿನ್ನ ಕಾಗದವನ್ನು ಹೆಂಡತಿ ನನಗಿಂತ ಮೊದಲು ಓದಿದಳು. “ಅತ್ತಿಗೆ ಹೇಳೋದ್ರಲ್ಲಿ ತಪ್ಪೇನಿದೆ?” ಎಂದಳು. ಅವಳ ಜೊತೆಯೂ ಈಗ ಮಾತಿಲ್ಲ. ನಿನಗೆ ಖುಷಿಯಾಗಿರಬೇಕು.

ನಾನು ಸುಳ್ಳು ಬರೆದೆನೆಂದು ಕುಣಿಯಬೇಡ. ಬರೆದವರು ಅಧ್ಯಕ್ಷರು. “ಲಾರಿ ಬಿತ್ತು ಅಂತ ಹಾಕಿದ್ರೆ ಯಾರ್ರೀ ಬರ್ತಾರೆ? ಲಾರಿ ನಮ್ಮ ಘಾಟಿಯಲ್ಲೂ ಬೀಳುತ್ತೆ,” ಎಂದರು. ನನಗೂ ಕೇಳಿ ಸಿಟ್ಟು ಬಂತು. ಆದರೆ ನಾವು ಅಭ್ಯಾಸ ಮಾಡುವ ಹಳೆಯ ಐಸ್ ಫ್ಯಾಕ್ಟರಿಯ ಕೋಣೆ ಅವರದು. ನಮ್ಮ ಡ್ರಮ್ಮುಗಳು, ಸ್ವರಪತ್ರಗಳ ಪೆಟ್ಟಿಗೆ, ಕುರ್ಚಿಗಳು ಎಲ್ಲ ಅಲ್ಲಿವೆ. ಅವರು ಬಾಗಿಲು ಹಾಕಿದರೆ ನಾನು ಬ್ಯಾಂಡನ್ನು ಬೀದಿಯಲ್ಲಿ ಕೂರಿಸಬೇಕೇ? ಸತ್ತವನು ಸತ್ತ. ಹೇಗೆ ಸತ್ತ ಎಂದು ತಕ್ಕಡಿ ಹಿಡಿದು ಕೂರುವವಳು ಅವನ ತಾಯಿಯೇ ಆಗಬೇಕೇ?

ಎರಡನೇ ಟ್ರೊಂಬೋನ್ ಅಂದರೆ ಅವಮಾನ ಎಂದು ನಿನಗೆ ಹೇಳಿದವರು ಯಾರು? ಮೇಲಿನ ರಾಗವನ್ನು ಟ್ರಂಪೆಟ್‌ನವನು ಊದುತ್ತಾನೆ, ಜನ ಅದನ್ನು ಗುನುಗಿಕೊಂಡು ಮನೆಗೆ ಹೋಗುತ್ತಾರೆ. ಅದರ ಕೆಳಗೆ ಒಂದೊಂದೇ ಸ್ವರ ಇಟ್ಟುಕೊಂಡು ಹೋಗುವವನು ಎರಡನೇ ಟ್ರೊಂಬೋನಿನವನು. ಅವನು ನಿಲ್ಲಿಸಿದರೆ ಮೇಲಿನವರು ಕಾಲಿಡಲು ಜಾಗವಿಲ್ಲದೆ ತಡವರಿಸುತ್ತಾರೆ. ಮೊದಲನೆಯ ಕುರ್ಚಿಗೆ ಬಾ ಎಂದು ನಾನೇ ಕರೆದಿದ್ದೆ. “ಬೇಡ ಮಾವ, ಇಲ್ಲಿ ಗೋಡೆಗೆ ಒರಗಬಹುದು,” ಎಂದ. ಅವನ ಮಾತು ಇದು, ನನ್ನದಲ್ಲ.

ಇನ್ನೊಂದು ಮಾತು. ಅವನು ಸೈನ್ಯಕ್ಕೆ ಹೊರಟ ದಿನ ಇಡೀ ಬ್ಯಾಂಡು ರೈಲ್ವೆ ಸ್ಟೇಷನ್ನಿಗೆ ಹೋಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಕಾಣದೇ ಇದ್ದವಳು ನೀನೊಬ್ಬಳೇ. ಅಂಥವಳು ನನಗೆ ಗೌರವದ ಪಾಠ ಹೇಳಬೇಡ.

ತಮ್ಮ


ಮೇ ೨

ಬ್ಯಾಂಡ್ ಮಾಸ್ಟರಿಗೆ,

ಆ ದಿನ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಗಳ ಬಟ್ಟೆ ಪೂರ್ತಿ ಮುಗಿದಿತ್ತು. ಬಸ್ಸು ಮಗುಚಿ ಗಾಯಾಳುಗಳು ಬಂದಿದ್ದರು. ರಕ್ತದ ಚಾದರಗಳನ್ನು ಒಗೆದು ಒಣಗಿಸಿ ಕೊಡದೆ ನಾನು ಹೊರಗೆ ಕಾಲಿಡುವಂತಿರಲಿಲ್ಲ. ಅದನ್ನು ಅವನಿಗೆ ಹೇಳಿದ್ದೆ. “ನೀನು ಕೆಲಸ ಮಾಡಮ್ಮ, ನಾನೇನು ಓಡಿಹೋಗ್ತಿದೀನಾ,” ಎಂದಿದ್ದ. ನಿನಗೆ ಹೇಳುವ ಅಗತ್ಯ ನನಗೆ ಕಂಡಿರಲಿಲ್ಲ, ಈಗಲೂ ಇಲ್ಲ. ಆದರೂ ನೀನು ಅದನ್ನು ಇಷ್ಟು ದಿನ ಹಲ್ಲಿನಡಿ ಕಚ್ಚಿಟ್ಟುಕೊಂಡು ಕಾದಿದ್ದೆಯಲ್ಲ, ಅದನ್ನು ಮರೆಯುವುದಿಲ್ಲ.

ರೈಲು ಹತ್ತಿದ ಮೇಲೆ ಅವನು ನನಗೆ ಫೋನ್ ಮಾಡಿದ್ದ. “ಅಮ್ಮಾ, ಮಾವ ಎಷ್ಟು ಜೋರಾಗಿ ಬಾರಿಸಿದ್ರು ಅಂದ್ರೆ, ರೈಲು ಹೊರಟಿದ್ದೇ ನಂಗೆ ಗೊತ್ತಾಗ್ಲಿಲ್ಲ. ಪಕ್ಕದೋರು ಏನೋ ಹೇಳಿದ್ರು, ಅದೂ ಕೇಳಿಸ್ಲಿಲ್ಲ,” ಎಂದು ನಕ್ಕ. ನಿನ್ನ ಸಂಗೀತ ಅವನಿಗೆ ಸಲ್ಲಿಸಿದ ಗೌರವ ಅಷ್ಟು.

ಟ್ರಂಪೆಟ್ ಊದುವ ಪೋಸ್ಟ್‌ಮ್ಯಾನಿಗೆ ಕಾಗದ ಬರೆದಿದ್ದೇನೆ. ಡ್ರಮ್ಮಿನ ಬೇಕರಿಯವನಿಗೂ ಬರೆದಿದ್ದೇನೆ. ನನ್ನ ಮಗ ಹೇಗೆ ಹೋದ ಎಂಬುದನ್ನು ಅಧಿಕಾರಿ ಹೇಳಿದ ಹಾಗೆಯೇ ಬರೆದು, ಕೆಳಗೆ ನಿಮ್ಮ ಕರಪತ್ರದ ಸಾಲನ್ನು ಇಳಿಸಿದ್ದೇನೆ. ಯಾವುದಕ್ಕೆ ಬಾರಿಸುತ್ತೀರೆಂದು ಅವರೇ ತೀರ್ಮಾನಿಸಲಿ.

ಅವನ ತಾಯಿ


ಜೂನ್ ೧೭

ನಿನಗೆ,

ಗೆದ್ದೆ. ಕೂತು ನಗು.

ಮೊನ್ನೆ ಅಭ್ಯಾಸಕ್ಕೆ ಎಲ್ಲರೂ ಬಂದಿದ್ದರು. ನಾನು ತಾಳ ತೋರಿಸುವ ಕೋಲು ಎತ್ತಿದೆ. ಪೋಸ್ಟ್‌ಮ್ಯಾನ್ ಟ್ರಂಪೆಟ್ಟನ್ನು ತೊಡೆಯ ಮೇಲಿಂದ ಎತ್ತಲಿಲ್ಲ.

“ಮೇಷ್ಟ್ರೇ, ಆ ಕರಪತ್ರ ಹಾಗೇ ಇರುತ್ತಾ?”

“ಅದು ಸಮಿತಿಯವರ ಕೆಲಸ. ನಿಮ್ಮ ಕೆಲಸ ಊದೋದು,” ಎಂದೆ.

“ಹಾಗಿದ್ರೆ ನಾನು ಊದಲ್ಲ. ಈ ಕರಪತ್ರಾನ ಮನೆಮನೆಗೆ ಹಂಚೋನೂ ನಾನೇ. ಅಲ್ಲೂ ಸುಳ್ಳು, ಇಲ್ಲೂ ಸುಳ್ಳು ಅಂದ್ರೆ ನಂಗೆ ಆಗಲ್ಲ.”

ಬೇಕರಿಯವನು ಡ್ರಮ್ಮಿನ ಪಟ್ಟಿಯನ್ನು ಹೆಗಲಿನಿಂದ ಕಳಚಿ, ಮಡಿಸಿ, ಕುರ್ಚಿಯ ಮೇಲಿಟ್ಟು ಹೋದ. ಅವನ ಹಿಂದೆ ಇನ್ನೂ ಕೆಲವರು ಎದ್ದರು. ಉಳಿದವರು ನನ್ನ ಮುಖ ನೋಡಿ ಉಳಿದರು, ಮನಸ್ಸಿನಿಂದಲ್ಲ. ಡ್ರಮ್ಮಿಲ್ಲದ ಬ್ಯಾಂಡು ಬೆನ್ನುಮೂಳೆ ಇಲ್ಲದ ಮನುಷ್ಯನಂತೆ. ಆ ಸಂಜೆ ನಾವು ಬಾರಿಸಿದ್ದನ್ನು ಕೇಳಿ ಹೊರಗಿನ ನಾಯಿ ಕೂಡ ಎದ್ದು ಬೇರೆ ಕಡೆ ಹೋಗಿ ಮಲಗಿತು.

ಅಧ್ಯಕ್ಷರಿಗೆ ಸುದ್ದಿ ಹೋಗಿದೆ. “ನಿಮ್ಮವರು ಬರದಿದ್ರೆ ಬೇಡ. ಲೌಡ್‌ಸ್ಪೀಕರಿನಲ್ಲಿ ಯಾವುದಾದ್ರೂ ಹಾಕ್ತೀವಿ. ಆಮೇಲೆ ಆ ಕೋಣೆ ನಿಮಗ್ಯಾಕೆ ಬೇಕು ಹೇಳಿ,” ಎಂದರು. ಈ ಬ್ಯಾಂಡನ್ನು ನಮ್ಮ ಅಪ್ಪ ಕಟ್ಟಿದ್ದು. ಅವರ ಕೈಯಿಂದ ನಾನು ಕೋಲು ತೆಗೆದುಕೊಂಡಾಗ ನೀನೂ ಅಲ್ಲಿದ್ದೆ. ಅಪ್ಪ ಕಟ್ಟಿದ್ದನ್ನು ಮಗಳು ಅಂಚೆಯಲ್ಲಿ ಒಡೆದಳು. ಬಾಗಿಲು ಒಡೆಯುವವರನ್ನು ಬಹಳ ಜನರನ್ನು ಕಂಡಿದ್ದೇನೆ, ಅವರಲ್ಲಿ ಯಾರೂ ನಿನ್ನಷ್ಟು ಸಲೀಸಾಗಿ ಒಡೆದಿರಲಿಲ್ಲ.

ನನಗೆ ಅಕ್ಕ ಇಲ್ಲ. ಇನ್ನು ಬರೆಯುವುದಿಲ್ಲ.


ಜುಲೈ ೩೦

ಬರೆಯಬೇಡ. ನಾನೂ ಬರೆಯಬಾರದೆಂದೇ ಇದ್ದೆ. ಇದನ್ನು ತರುವವನ ಸಲುವಾಗಿ ಬರೆಯುತ್ತಿದ್ದೇನೆ.

ಹೋದ ವಾರ ಬಟ್ಟೆ ಒಗೆಯುವ ಕೋಣೆಗೆ ಊರುಗೋಲು ಹಿಡಿದ ಒಬ್ಬ ಬಂದ. ಯಂತ್ರಗಳ ಸದ್ದಿನಲ್ಲಿ ಅವನು ಹೇಳಿದ್ದು ಕೇಳಿಸಲಿಲ್ಲ. ಹೊರಗೆ ಒಣಗು ಹಾಕುವ ಅಂಗಳಕ್ಕೆ ಕರೆದುಕೊಂಡು ಹೋದೆ. ಚಾದರಗಳ ನಡುವೆ ನಿಂತು, “ನಾನು ಅವನ ಲಾರಿಯಲ್ಲಿ ಪಕ್ಕದ ಸೀಟಿನಲ್ಲಿ ಕೂರ್ತಿದ್ದೆ, ಅಮ್ಮಾ,” ಎಂದ. ಇಷ್ಟು ತಿಂಗಳು ಮಿಲಿಟರಿ ಆಸ್ಪತ್ರೆಯಲ್ಲಿದ್ದನಂತೆ. ಕಾಲು ಕೂಡಿದೆ, ಆದರೆ ಮಡಚಲು ಬರುವುದಿಲ್ಲ.

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

“ರಸ್ತೆ ಕುಸಿದಾಗ ಗಾಡಿ ಅವನ ಕಡೆ ವಾಲ್ತು. ಅವನ ಬಾಗಿಲ ಆಚೆ ಬರೀ ಕಣಿವೆ. ನನ್ನ ಬಾಗಿಲ ಚಿಲಕ ಯಾವಾಗಲೂ ಸಿಕ್ಕಾಕ್ಕೊಳ್ಳೋದು, ಅದನ್ನ ತೆಗೆಯೋಕೆ ಅವನಿಗೊಬ್ಬನಿಗೇ ಬರೋದು. ಸ್ಟೀರಿಂಗ್ ಬಿಟ್ಟು ನನ್ನ ಮೇಲೆ ಬಗ್ಗಿ ಅದನ್ನ ತೆಗೆದ. ಭುಜದಿಂದ ತಳ್ಳಿದ. ನಾನು ಕಲ್ಲಿನ ಮೇಲೆ ಬಿದ್ದೆ. ತಿರುಗಿ ನೋಡೋ ಹೊತ್ತಿಗೆ ಗಾಡಿ ಇರ್ಲಿಲ್ಲ.”

ಆಮೇಲೆ ಒಣಗಿದ ಚಾದರಗಳನ್ನು ನಾನು ತೆಗೆಯುತ್ತಾ ಹೋದೆ. ಅವನು ಇನ್ನೊಂದು ತುದಿ ಹಿಡಿದು ಮಡಿಸಲು ಕೈಜೋಡಿಸಿದ.

ಅಧಿಕಾರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದವನು ಆಗ ಪ್ರಜ್ಞೆಯಿಲ್ಲದೆ ಮಲಗಿದ್ದ. ನಿನಗೂ ನಿನ್ನ ಅಧ್ಯಕ್ಷರಿಗೂ ಸತ್ಯ ಸಪ್ಪೆಯಾಗಿತ್ತಲ್ಲ, ಮೇಲೊಂದು ಗುಂಡು ಬೇಕಿತ್ತಲ್ಲ. ಈಗ ಈ ಮನುಷ್ಯನನ್ನು ನಿನ್ನ ಅಂಗಡಿಗೆ ಕಳಿಸುತ್ತಿದ್ದೇನೆ. ಇವನನ್ನು ಸ್ಟೂಲಿನ ಮೇಲೆ ಕೂರಿಸಿ, ಮುಖ ನೋಡುತ್ತಾ, ನಿನ್ನ ಗುಂಡಿನ ಕಥೆಯನ್ನು ಒಂದು ಸಲ ಗಟ್ಟಿಯಾಗಿ ಓದಿ ಹೇಳು. ಅಷ್ಟು ಮಾಡಿದರೆ ಆಮೇಲೆ ಏನು ಬೇಕಾದರೂ ಬಾರಿಸಿಕೋ.

ಅವನ ತಾಯಿ


ಆಗಸ್ಟ್ ೧೬

ಅಕ್ಕನಿಗೆ,

ಬರೆಯುವುದಿಲ್ಲ ಎಂದಿದ್ದೆ. ಆದರೂ ಬರೆಯುತ್ತಿದ್ದೇನೆ. ನಿನ್ನ ಮಾತಿಗೆ ಸೋತು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಭಾನುವಾರ ಏನಾಯಿತೆಂದು ನೀನು ಬೇರೆಯವರಿಂದ ಕೇಳುವುದು ನನಗೆ ಇಷ್ಟವಿಲ್ಲ, ಅದಕ್ಕೆ.

ಊರುಗೋಲಿನವನು ಶನಿವಾರ ಬಂದ. ನಿನ್ನ ಕಾಗದ ಓದಿದೆ. ಕರಪತ್ರವನ್ನು ನಾನು ಅವನಿಗೆ ಓದಿ ಹೇಳಬೇಕಾಗಲಿಲ್ಲ, ಅದನ್ನು ಅಂಗಡಿಯ ಬಾಗಿಲಿಗೇ ಅಂಟಿಸಲಾಗಿತ್ತು. ನಿಂತು ಪೂರ್ತಿ ಓದಿದ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಬಂದು, ಕಾಲು ಚಾಚಿ ಕೂತು, “ನೀವು ಬ್ಯಾಂಡಿನವರಂತೆ. ಒಂದು ಹಾಡು ಯಾವುದು ಅಂತ ಹೇಳ್ತೀರಾ?” ಎಂದು ಕೇಳಿದ.

“ಹಾಡಿ,” ಎಂದೆ.

ಬಾಯಲ್ಲಿ ಊದುವ ಹಾಗೆ ಮಾಡಿದ. ಪೋಂ. ಒಂದಿಷ್ಟು ಹೊತ್ತು ಸುಮ್ಮನೆ. ಮತ್ತೆ ಪೋಂ, ಪೋಂ. ಮತ್ತೆ ಸುಮ್ಮನೆ. ಕೆಳಗಿಳಿಯುವ ಒಂದು ಉದ್ದನೆಯ ಸ್ವರ. “ಗುಡ್ಡ ಹತ್ತುವಾಗ ದಿನಾ ಇದನ್ನೇ ಹಾಡೋನು. ಯಾವ ಹಾಡೋ ಅಂದ್ರೆ, ನಮ್ಮೂರ ಬ್ಯಾಂಡಿಂದು ಅನ್ನೋನು. ಮೇಲಿನ ಠಾಣೆಯವರಿಗೂ ಬಾಯಿಪಾಠ ಆಗಿತ್ತು. ಲಾರಿ ಸದ್ದು ಕೇಳಿದ ಕೂಡಲೇ ಅವರು ಮೇಲಿಂದ ಪೋಂ ಅನ್ನೋರು, ಇವನು ಕೆಳಗಿಂದ ಪೋಂ ಪೋಂ ಅನ್ನೋನು. ಆದ್ರೆ ಇಂಥ ಹಾಡು ನಾನು ಎಲ್ಲೂ ಕೇಳಿಲ್ಲ.”

ಕೇಳಿರುವುದಿಲ್ಲ. ಅದು ಹಾಡಲ್ಲ. ನಾನು ಕೋಲು ಹಿಡಿದ ಮೇಲೆ ಸೇರಿಸಿದ, ಪ್ರತಿ ಸಂಜೆ ಕೊನೆಗೆ ನಾವು ಬಾರಿಸುವ ಕೃತಿಯ ಎರಡನೇ ಟ್ರೊಂಬೋನಿನ ಭಾಗ. ಮೇಲಿನ ರಾಗ ಅವನಿಗೆ ಬರುತ್ತಿರಲಿಲ್ಲ ಅಂತೇನಿಲ್ಲ, ಅಷ್ಟು ವರ್ಷ ಕೇಳಿದ್ದ. ಆದರೂ ತನ್ನ ಪಾಲನ್ನು ಮಾತ್ರ ಹಾಡುತ್ತಿದ್ದ. ನಡುವಿನ ಖಾಲಿ ಜಾಗವನ್ನೂ ಬಿಡದೆ, ಅಳತೆ ತಪ್ಪದೆ ಹಾಡುತ್ತಿದ್ದ. ಊರುಗೋಲಿನವನೂ ಆ ಖಾಲಿ ಜಾಗವನ್ನು ಬಿಡಲಿಲ್ಲ.

ಅಂಗಡಿಗೆ ಬೀಗ ಹಾಕಿ ಪೋಸ್ಟ್‌ಮ್ಯಾನಿನ ಮನೆಗೆ ಹೋದೆ. ಅವನ ಅಂಗಳದಲ್ಲೇ ಊರುಗೋಲಿನವನಿಂದ ಇನ್ನೊಂದು ಸಲ ಹಾಡಿಸಿದೆ. ಪೋಸ್ಟ್‌ಮ್ಯಾನ್ ಕೇಳಿ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. ಅಲ್ಲಿಂದ ಬೇಕರಿಗೆ ಹೋದೆವು. ಮುಂದಿನದು ನೀನೇ ಊಹಿಸಿಕೋ.

ಭಾನುವಾರ ಚೌಕ ತುಂಬಿತ್ತು. ನಿನ್ನ ಕುರ್ಚಿ ಖಾಲಿ ಇತ್ತು, ಯಾರನ್ನೂ ಕೂರಲು ಬಿಡಲಿಲ್ಲ. ಅಧ್ಯಕ್ಷರು ಭಾಷಣ ಮಾಡಿದರು. ಗುಂಡು, ಎದೆ, ರಕ್ತ, ಮಣ್ಣು, ಎಲ್ಲ ಬಂತು. ಜನ ಚಪ್ಪಾಳೆ ಹೊಡೆದರು. “ಈಗ ವೀರಯೋಧನ ಹೆಸರಿನ ಹೊಸ ನಡಿಗೆ ಸಂಗೀತ,” ಎಂದು ನನ್ನ ಕಡೆ ಕೈ ತೋರಿಸಿದರು.

ನಾನು ಕಟ್ಟಿದ್ದನ್ನು ಬಾರಿಸಲಿಲ್ಲ. ಅದು ಇನ್ನೂ ಪೆಟ್ಟಿಗೆಯಲ್ಲಿದೆ, ಅಲ್ಲೇ ಇರಲಿ. ಟ್ರಂಪೆಟ್‌ನವರು, ಕ್ಲಾರಿನೆಟ್‌ನವರು, ಎಲ್ಲರೂ ಎರಡನೇ ಟ್ರೊಂಬೋನಿನ ಭಾಗವನ್ನೇ ಊದಿದರು. ಬೇರೆ ಏನೂ ಇಲ್ಲ. ಮೇಲಿನ ರಾಗ ಬರಬೇಕಾದ ಕಡೆ ಸುಮ್ಮನಿದ್ದರು. ಡ್ರಮ್ ಕೂಡ ಸುಮ್ಮನಿತ್ತು. ನಾನು ಕೋಲಾಡಿಸುತ್ತಾ ಖಾಲಿ ಜಾಗಗಳನ್ನು ಎಣಿಸುತ್ತಿದ್ದೆ. ಇಷ್ಟು ವರ್ಷ ಬ್ಯಾಂಡ್ ನಡೆಸಿದ್ದೇನೆ, ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಮೊದಲು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ನಕ್ಕರು. ಆಮೇಲೆ ಊರುಗೋಲಿನವನು ಹಿಂದಿನ ಸಾಲಿನಲ್ಲಿ ಎದ್ದು ನಿಂತು ಬಾಯಲ್ಲೇ ಜೊತೆಗೂಡಿದ. ನಗು ನಿಂತಿತು.

ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಂದು, “ಏನ್ರೀ ಇದು? ಹಾಡೆಲ್ಲಿ?” ಎಂದರು. ಅವರ ಕೈಯಲ್ಲಿದ್ದ ಮೈಕನ್ನು ನಾನು ತೆಗೆದುಕೊಂಡೆ. ಭಾಷಣ ಮಾಡಲು ನನಗೆ ಬರುವುದಿಲ್ಲ. “ಅವನಿಗೆ ಗುಂಡು ತಗುಲಿಲ್ಲ. ಅವನು ನೀರಿನ ಲಾರಿ ಓಡಿಸ್ತಿದ್ದ. ರಸ್ತೆ ಕುಸಿದಾಗ ಪಕ್ಕದವನ ಬಾಗಿಲು ತೆಗೆದ, ತಾನು ಉಳೀಲಿಲ್ಲ. ಆ ಪಕ್ಕದವನು ಅಲ್ಲಿ ನಿಂತಿದ್ದಾನೆ, ಬೇಕಾದ್ರೆ ಕೇಳಿ. ನಾವು ಈಗ ಊದಿದ್ದು ಬ್ಯಾಂಡಿನಲ್ಲಿ ಅವನ ಪಾಲು,” ಎಂದೆ. ಮೈಕನ್ನು ಕುರ್ಚಿಯ ಮೇಲಿಟ್ಟೆ, ಅದು ಕೀ ಎಂದು ಕಿರುಚಿತು.

ಐಸ್ ಫ್ಯಾಕ್ಟರಿಯ ಕೋಣೆ ಹೋಯಿತು. ಸೋಮವಾರ ಬೆಳಿಗ್ಗೆಯೇ ಅಲ್ಲಿ ಹೊಸ ಬೀಗ. ಆ ಬೀಗವನ್ನು ತೆಗೆಯಲು ನನಗೆ ಒಂದು ಹೇರ್‌ಪಿನ್ ಸಾಕು, ಆದರೆ ತೆಗೆಯಲಿಲ್ಲ. ಮರುದಿನ ಅಧ್ಯಕ್ಷರ ಆಳು ಡ್ರಮ್ಮುಗಳನ್ನೂ ಪೆಟ್ಟಿಗೆಯನ್ನೂ ಅಂಗಡಿಯ ಮುಂದೆ ಇಳಿಸಿ ಹೋದ. ಈಗ ಕೀಲಿ ಮಾಡಿಸಲು ಬಂದವರು ಡ್ರಮ್ ದಾಟಿಕೊಂಡು ಒಳಗೆ ಬರಬೇಕು.

ನೀನು ನನ್ನ ಬ್ಯಾಂಡನ್ನು ಒಡೆದದ್ದು ಸುಳ್ಳಲ್ಲ. ಅದಕ್ಕೆ ನನ್ನ ಸಿಟ್ಟು ಇಳಿದಿಲ್ಲ. ಊರಿಗೆ ಊರೇ ಅಲ್ಲಿತ್ತು. ಬಸ್ಸು ಹತ್ತಿ ಬರುವಷ್ಟು ದೂರವೂ ನಿನಗೆ ಹೆಚ್ಚಾಯಿತು.

ತಮ್ಮ


ಆಗಸ್ಟ್ ೨೪

ತಮ್ಮನಿಗೆ,

ನಾನು ಬಂದಿದ್ದೆ.

ಗೌರವಿಸಲು ಬಂದಿರಲಿಲ್ಲ. ನಿನ್ನ ಅಧ್ಯಕ್ಷರ ಭಾಷಣದ ನಡುವೆ ಎದ್ದು ನಿಂತು, ಊರೆಲ್ಲ ಕೇಳುವಂತೆ ಇಬ್ಬರ ಮಾನವನ್ನೂ ತೆಗೆದು ಹೋಗಬೇಕೆಂದು ಬಂದಿದ್ದೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡಿದ್ದೆ. ನಿನಗೆಂದು ಇಟ್ಟಿದ್ದ ಮಾತುಗಳು ಬಹಳ ಚೆನ್ನಾಗಿದ್ದವು. ಬಸ್ಸು ತಡವಾಯಿತು. ನಾನು ಇಳಿಯುವಾಗ ಚಪ್ಪಾಳೆ ಕೇಳಿಸುತ್ತಿತ್ತು. ಚೌಕಕ್ಕೆ ತಿರುಗುವ ಮೂಲೆಯಲ್ಲಿ ಬ್ಯಾಂಕಿನ ಹಿಂದಿನ ಗೋಡೆ ಇದೆಯಲ್ಲ, ಅಲ್ಲಿ ತಲುಪುವಾಗ ನೀವು ಶುರು ಮಾಡಿದಿರಿ.

ಅಲ್ಲೇ ನಿಂತೆ. ಗೋಡೆ ದಾಟಲು ಆಗಲಿಲ್ಲ.

ಜನ ನಕ್ಕರು, ಅಧ್ಯಕ್ಷರು ಹಾಡೆಲ್ಲಿ ಎಂದು ಕೇಳಿದರು ಎಂದು ಬರೆದಿದ್ದೀಯ. ನನ್ನ ಪಕ್ಕದಲ್ಲಿ ಸಾಮಾನಿನ ಚೀಲ ಹಿಡಿದು ನಿಂತಿದ್ದ ಹೆಂಗಸು ಕೂಡ, “ಇನ್ನೂ ಶ್ರುತಿ ಸರಿ ಮಾಡ್ಕೊಳ್ತಾ ಇದ್ದಾರೆ ಅನ್ಸುತ್ತೆ,” ಎಂದಳು. ನಾನು ಅವಳಿಗೆ, “ಇಲ್ಲ, ಇದೇ ಹಾಡು. ಇನ್ನು ಸ್ವಲ್ಪ ಹೊತ್ತಿಗೆ ಕೆಳಗೆ ಇಳಿಯುತ್ತೆ ನೋಡಿ,” ಎಂದೆ. ಇಳಿಯಿತು.

ಅವನು ಎಷ್ಟು ವರ್ಷ ಅದನ್ನು ಮನೆಯಲ್ಲಿ ಅಭ್ಯಾಸ ಮಾಡಿದ ಎಂಬುದು ನಿನಗೆ ಗೊತ್ತಿಲ್ಲ. ನಾನು ಕೆಲಸದಿಂದ ಬಂದು ಅಡುಗೆಮನೆಯಲ್ಲಿ ನಿಂತಿರುತ್ತಿದ್ದೆ, ಅವನು ಗೋಡೆಯ ಆಚೆಯ ಕೋಣೆಯಲ್ಲಿ. ಅವನು ಸುಮ್ಮನಾಗುವ ಜಾಗದಲ್ಲಿ ನಾನು ತರಕಾರಿ ಹೆಚ್ಚುತ್ತಿದ್ದೆ, ಊದುವಾಗ ನಿಲ್ಲಿಸುತ್ತಿದ್ದೆ. ಒಂದು ದಿನ ಅವನು ಒಳಗಿಂದಲೇ, “ಅಮ್ಮಾ, ನೀನು ಡ್ರಮ್ಮಿನೋನಿಗಿಂತ ವಾಸಿ,” ಎಂದಿದ್ದ. ನಿಮ್ಮ ಬ್ಯಾಂಡನ್ನು ಕೇಳಲು ನಾನು ಬರಲಿಲ್ಲ ಎಂದು ಹಂಗಿಸುತ್ತೀಯ. ನನಗೆ ಬೇಕಾದ ಬ್ಯಾಂಡು ಮನೆಯಲ್ಲೇ ಇತ್ತು.

ಮೈಕಿನಲ್ಲಿ ನೀನು ಹೇಳಿದ್ದೂ ಕೇಳಿಸಿತು. ತೊದಲಿದೆ. ಆಮೇಲೆ ಅದೇ ಬಸ್ಸು ವಾಪಸ್ ಹೊರಟಿತ್ತು, ಹತ್ತಿದೆ. ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದನ್ನೂ ಬಳಸಲಾಗಲಿಲ್ಲ ಎಂಬ ಸಿಟ್ಟು ಇನ್ನೂ ಇದೆ. ಸ್ಟೇಷನ್ನಿನ ವಿಷಯಕ್ಕೆ ನೀನು ಆಡಿದ ಮಾತೂ ಇನ್ನೂ ಇದೆ. ಅದನ್ನು ಸೋಪು ಹಾಕಿ ಒಗೆದರೂ ಹೋಗುವುದಿಲ್ಲ, ನಿನಗೆ ಅದು ಗೊತ್ತಿರಲಿ.

ಪೋಸ್ಟ್‌ಮ್ಯಾನ್ ನಿನ್ನೆ ಫೋನ್ ಮಾಡಿದ್ದ. ನೀವು ಬೇಕರಿಯ ಹಿಂದಿನ ಹಿಟ್ಟಿನ ಕೋಣೆಯಲ್ಲಿ ಸೇರುತ್ತಿದ್ದೀರಂತೆ. ಮುಂದಿನ ತಿಂಗಳು ಆ ಕೃತಿಯನ್ನು ಪೂರ್ತಿಯಾಗಿ, ಮೇಲಿನ ರಾಗದ ಸಮೇತ ನನಗೆ ಕೇಳಿಸಬೇಕೆಂದು ಎಲ್ಲರಿಗೂ ಆಸೆ ಎಂದ. “ಬನ್ನಿ, ನೀವು ಅದನ್ನ ಪೂರ್ತಿ ಕೇಳೇ ಇಲ್ವಲ್ಲ,” ಎಂದ. ಒಳ್ಳೆಯ ಮನುಷ್ಯ, ಅವನಿಗೆ ಏನೂ ಅನ್ನಲು ಬಾಯಿ ಬರಲಿಲ್ಲ. ನಿನಗೆ ಹೇಳುತ್ತೇನೆ.

ಹಿಟ್ಟಿನ ಕೋಣೆಗೆ ಒಂದು ದಿನ ಬರುತ್ತೇನೆ. ಯಾವತ್ತು ಎಂದು ಕೇಳಬೇಡ, ಮುಂದೆ ಕುರ್ಚಿ ಹಾಕಬೇಡ. ಬಂದಾಗ ಏನು ಬೇಕಾದರೂ ಬಾರಿಸಿ, ಅದೊಂದನ್ನು ಬಿಟ್ಟು. ಅದರ ಮೇಲಿನ ರಾಗ ಹೇಗಿದೆಯೋ ನನಗೆ ಗೊತ್ತಿಲ್ಲ. ಅದು ಎಷ್ಟೇ ಚೆನ್ನಾಗಿರಲಿ, ನಾನು ಬದುಕಿರುವವರೆಗೆ ಅದು ನನ್ನ ಕಿವಿಗೆ ಬೀಳಬಾರದು.

ಅಕ್ಕ